ಸ್ಫಟಿಕದೊಳಗಿನ ಮೂರು ಎಳೆ

ಮೊನ್ನೆ ಉಡುಪಿಯಲ್ಲಿ ಬಂಧುಗಳ ಮನೆಯ ಒಂದು ಉಪನಯನ. ಊಟದ ಪಂಕ್ತಿಯಲ್ಲಿ ನಾನು ಯಾವಾಗಲೂ ಫ್ಯಾನಿನ ಕೆಳಗೆ, ಬಡಿಸುವವರು ಮೊದಲು ಬರುವ ಕಡೆ ಹೋಗಿ ಕುಳಿತುಕೊಳ್ಳುತ್ತೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನಿಗೆ ಅಷ್ಟಾದರೂ ವ್ಯವಹಾರ ಜ್ಞಾನ ಬೇಡವೇ? ಸಾರು ಬಂದು ಹೋಗಿತ್ತು, ಕೋಸಂಬರಿಯಲ್ಲಿ ನಾನು ಮುಳುಗಿದ್ದೆ. ಆಗ ನನ್ನ ಬಲಗಡೆಯ ದಪ್ಪ ಗೃಹಸ್ಥರು ಹಾವು ಕಂಡವರಂತೆ ಎಲೆಯಿಂದ ಕೈ ಹಿಂದೆಳೆದುಕೊಂಡು "ಕೂದಲು!" ಎಂದು ಕೂಗಿದರು.

ಅವರ ಎಲೆಗೂ ನನ್ನ ಎಲೆಗೂ ನಡುವೆ, ಎರಡಕ್ಕೂ ಅರ್ಧರ್ಧ ಸೇರಿದಂತೆ, ಒಂದು ಎಳೆ ಅಡ್ಡ ಬಿದ್ದಿತ್ತು. ಸಾರಿನ ಪಾತ್ರೆ ಹಿಡಿದಿದ್ದ ಹೆಂಗಸು ನಿಂತಲ್ಲೇ ನಿಂತಳು. ನಲವತ್ತೈದರ ಆಸುಪಾಸು, ಹಣೆಯ ತುಂಬ ಬೆವರು. ಅಡುಗೆಯವರ ತಂಡದಲ್ಲಿ ಈಗ ಹೆಂಗಸರೂ ಇರುತ್ತಾರೆ. ತಂಡದ ಯಜಮಾನ ಓಡಿ ಬಂದ. "ತಲೆಗೆ ಬಟ್ಟೆ ಕಟ್ಟಿಕೊಳ್ಳಲಿಕ್ಕೆ ಹೇಳಿದ್ದಲ್ವಾ ನಿನಗೆ? ಎಂತ ಮಾಡುವುದು ಈಗ? ನಾಳೆಯಿಂದ ನೀನು ಬರುವುದು ಬೇಡ" ಎಂದ, ಇಡೀ ಪಂಕ್ತಿಗೆ ಕೇಳುವ ಹಾಗೆ. ಅವಳು ಪಾತ್ರೆಯನ್ನು ಕೆಳಗಿಟ್ಟು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಆ ಸೆರಗು ಎಳೆದುಕೊಂಡ ರೀತಿ ಕಂಡು ಬಾಯಿಗೆತ್ತಿದ್ದ ಕೋಸಂಬರಿಯನ್ನು ಎಲೆಗೇ ಇಳಿಸಿದೆ. ಒಂದು ಕೂದಲಿಗೆ ಇಷ್ಟೊಂದು ಗಾಬರಿಯೇ ಎಂದು ನೀವು ನಗಬಹುದು. ನಗಿ, ಆದರೆ ನಮ್ಮ ದೊಡ್ಡಮ್ಮನ ಕತೆ ಕೇಳಿದ ಮೇಲೆ ನಗಿ.

ಶಂಕರಪುರದಿಂದ ಕಾಪುವಿಗೆ ಬರುವ ದಾರಿಯಲ್ಲಿ ನಮ್ಮ ಹಳೆಯ ಮನೆ. ಅಜ್ಜಯ್ಯನಿಗೆ ಹತ್ತಿರದ ಸಣ್ಣದೊಂದು ಶಿವನ ಗುಡಿಯ ಪೂಜೆ. ದೊಡ್ಡಪ್ಪ, ದೊಡ್ಡಮ್ಮ, ಅವರ ಮಗಳು, ನನ್ನ ಅಪ್ಪ, ಅಮ್ಮ, ನಾನು, ಎಲ್ಲರೂ ಒಟ್ಟಿಗೇ ಇದ್ದೆವು. ಮನೆಯೊಳಗೆ ಆಡುತ್ತಿದ್ದದ್ದು ತುಳು. ನಿಮಗಾಗಿ ಆ ಮಾತುಗಳನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ನನಗೆ ನೆನಪು ಬಂದಂದಿನಿಂದ ದೊಡ್ಡಮ್ಮನ ತಲೆಯ ಮೇಲೆ ಒಂದು ಬೈರಾಸು. ಮೈ ಒರೆಸುವ ಬಟ್ಟೆಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಹಣೆಯ ಅರ್ಧದಿಂದ ಕತ್ತಿನವರೆಗೆ ಬಿಗಿಯಾಗಿ ಸುತ್ತಿ, ಹಿಂದೆ ಗಂಟು. ಅಡುಗೆಗೂ ಅದೇ, ಮದುವೆಮನೆಗೂ ಅದೇ. ಸುತ್ತಮುತ್ತಲಿನ ಮನೆಯವರು ಬೆಳೆದ ಮಲ್ಲಿಗೆಯನ್ನು ಅವರು ಜಗಲಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ಅವರ ಬೆರಳಿನಷ್ಟು ವೇಗ ಆ ಕೇರಿಯಲ್ಲಿ ಯಾರಿಗೂ ಇರಲಿಲ್ಲ. ನಾಲ್ಕು ಚೆಂಡು ಹೂವಿಗೆ ನಮ್ಮಲ್ಲಿ ಒಂದು ಅಟ್ಟೆ. ಅವರು ಕಟ್ಟಿದ ಅಟ್ಟೆಗಟ್ಟಲೆ ಹೂವು ಯಾರು ಯಾರದೋ ಮುಡಿಗೆ ಹೋಯಿತು. ಅವರು ಮಾತ್ರ ಒಂದು ಮೊಗ್ಗನ್ನೂ ಮುಡಿದದ್ದು ನಾನು ಕಂಡಿಲ್ಲ. ದೇವರ ಕೋಣೆಯ ಹೊಸ್ತಿಲನ್ನು ದಾಟಿದ್ದನ್ನೂ ಕಂಡಿಲ್ಲ.

ಕಾರಣವನ್ನು ನನಗೆ ಅಮ್ಮ ಹೇಳಿದ್ದು. ಅದು ನಡೆದಾಗ ದೊಡ್ಡಮ್ಮ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ತವರು ಕಾರ್ಕಳ. ಕಾರ್ಕಳದಿಂದ ಬರುವಾಗ ಅವರು ತಂದದ್ದರಲ್ಲಿ ಎಲ್ಲರೂ ತಿರುಗಿ ನೋಡುತ್ತಿದ್ದದ್ದು ಅವರ ಕೂದಲನ್ನು. ಸೊಂಟದ ಕೆಳಗಿನವರೆಗೆ ಉದ್ದ. ಬಣ್ಣ ಕೆಂಚು, ಬಿಸಿಲು ಬಿದ್ದರೆ ಜೇನಿನ ಹಾಗೆ ಕಾಣುತ್ತಿತ್ತಂತೆ.

ನಮ್ಮ ಮನೆಯ ದೇವರು ಹೆಬ್ಬೆರಳಿಗಿಂತ ತುಸು ದೊಡ್ಡದಾದ ಒಂದು ಸ್ಫಟಿಕದ ಲಿಂಗ. ಎಷ್ಟು ತಲೆಮಾರಿನದ್ದೋ ಯಾರಿಗೂ ಗೊತ್ತಿಲ್ಲ. ದಿನಾ ಹಚ್ಚಿದ ಗಂಧ, ತುಪ್ಪ, ದೀಪದ ಹೊಗೆ ಎಲ್ಲ ಸೇರಿ ಅದರ ಮೇಲೊಂದು ಕಂದು ಪೊರೆ ಕೂತಿತ್ತು. ಹೆಸರಿಗೆ ಸ್ಫಟಿಕ, ನೋಡಲು ಹುಣಸೆ ಬೀಜ. ಶಿವರಾತ್ರಿಯ ಹಿಂದಿನ ದಿನ ದೇವರ ಪಾತ್ರೆಗಳನ್ನು ತೊಳೆಯಲು ಹೊಸ ಸೊಸೆಗೆ ಕೊಡುವಾಗ ಅಜ್ಜಯ್ಯ ಬೆಳ್ಳಿಯ ಪೀಠವನ್ನೂ ಬುಟ್ಟಿಗೆ ಹಾಕಿದರು. ಅದರ ಮೇಲೆ ಲಿಂಗ ಅಂಟಿಕೊಂಡೇ ಇದ್ದದ್ದು ಹಬ್ಬದ ಗಡಿಬಿಡಿಯಲ್ಲಿ ಅವರ ಗಮನಕ್ಕೆ ಬರಲಿಲ್ಲ. ದೊಡ್ಡಮ್ಮ ಅದೂ ಪೀಠದ ಒಂದು ಭಾಗವೆಂದು ತಿಳಿದು, ಅಂಟುವಾಳದ ನೊರೆಯಲ್ಲಿ ನೆನೆಸಿ, ಹುಣಸೆಹುಳಿ ಹಾಕಿ, ಅಡಿಕೆ ಸಿಪ್ಪೆಯಲ್ಲಿ ಉಜ್ಜಿ ಉಜ್ಜಿ ತೊಳೆದರು. ಎಲ್ಲವನ್ನೂ ಚೊಕ್ಕಟವಾಗಿ ಮಾಡುವುದು ಅವರ ಸ್ವಭಾವ. ಎಷ್ಟೋ ಕಾಲದ ಪೊರೆ ಕಿತ್ತುಹೋಗಿ ಕಲ್ಲು ನೀರಿನಂತೆ ತಿಳಿಯಾಯಿತು.

ಅಜ್ಜಯ್ಯ ಅದನ್ನು ದೀಪಕ್ಕೆ ಹಿಡಿದು ನೋಡಿದರು. ಒಳಗೆ ಮೂರು ಎಳೆ. ಕೆಂಚು ಬಣ್ಣ, ಹೊಳಪು, ಕೂದಲಿನಷ್ಟೇ ತೆಳು.

ಅವರು ಹೆಬ್ಬೆರಳಿನಿಂದ ಒರೆಸಿದರು, ಬಟ್ಟೆಯಿಂದ ತಿಕ್ಕಿದರು, ದರ್ಭೆಯ ತುದಿಯಿಂದ ಕೆರೆದರು. ಎಳೆ ಬರಲಿಲ್ಲ. ಆಗ ತಿರುಗಿ ಸೊಸೆಯ ತಲೆಯನ್ನು ನೋಡಿದರಂತೆ. "ದೇವರು ಒಳಗೆ ಎಳೆದುಕೊಂಡಿದ್ದಾರೆ. ಇನ್ನು ಯಾರಿಂದಲೂ ತೆಗೆಯಲಿಕ್ಕೆ ಆಗುವುದಿಲ್ಲ" ಎಂದರಂತೆ.

ಕಲ್ಲಿನೊಳಗೆ ಕೂದಲು ಹೋಗುವುದು ಹೇಗೆ ಎಂದು ನೀವು ಕೇಳುತ್ತೀರಿ. ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಅನ್ನದಲ್ಲಿ ಕೂದಲು ಸಿಕ್ಕಿದರೆ ಎಲೆ ಬಿಟ್ಟು ಏಳುವ ಮನೆ, ಇದು ದೇವರ ಒಳಗೇ ಸಿಕ್ಕಿದ ಕೂದಲು. ಶುದ್ಧಿ ಮಾಡಿಸಿದರು. ದೇವರನ್ನು ಬಿಡುವ ಹಾಗಿರಲಿಲ್ಲ, ಸೊಸೆಯನ್ನು ಹೊರಗಿಡಬಹುದಿತ್ತು. ಅಂದಿನಿಂದ ಅವರ ತಲೆಗೆ ಬಟ್ಟೆ ಬಂತು, ಕಾಲಿಗೆ ಹೊಸ್ತಿಲು ಅಡ್ಡವಾಯಿತು. ದೊಡ್ಡಪ್ಪ ಮೃದು ಸ್ವಭಾವದವರು. ಎಷ್ಟು ಮೃದು ಎಂದರೆ ಆ ದಿನವೂ ಮಾತಾಡಲಿಲ್ಲ, ಆಮೇಲೂ ಮಾತಾಡಲಿಲ್ಲ.

ಇನ್ನು ನನ್ನ ಪಾಲಿನದ್ದನ್ನು ಹೇಳಿಬಿಡುತ್ತೇನೆ, ಮುಚ್ಚಿಟ್ಟುಕೊಂಡು ಏನು ಮಾಡುವುದು? ನನಗೆ ಆರೇಳು ವರ್ಷವಾಗಿದ್ದಾಗ ಅಜ್ಜಯ್ಯ ನನ್ನನ್ನು ಬೈರಾಸಿನ ಕಾವಲಿಗೆ ನೇಮಿಸಿದ್ದರು. ಬಟ್ಟೆ ಜಾರಿ ಒಂದೆಳೆ ಹೊರಗೆ ಇಣುಕಿದರೂ ನಾನು "ದೊಡ್ಡಮ್ಮಾ, ಕೂದಲು ಕಾಣುತ್ತದೆ!" ಎಂದು ಕೂಗಬೇಕು. ಕೂಗಿದರೆ ಅಜ್ಜಯ್ಯನ ಡಬ್ಬಿಯಿಂದ ಒಂದು ತುಂಡು ಬೆಲ್ಲ. ಬೆಲ್ಲದಾಸೆಗೆ ನಾನು ಎಳೆ ಕಾಣದೆ ಇದ್ದಾಗಲೂ ಕೂಗಿದ್ದುಂಟು. ದೊಡ್ಡಮ್ಮ ಹೂವು ಕಟ್ಟುತ್ತಿದ್ದ ಎರಡೂ ಕೈಗಳನ್ನು ಬಿಟ್ಟು ಗಡಿಬಿಡಿಯಿಂದ ಹಣೆ ಮುಟ್ಟಿಕೊಳ್ಳುತ್ತಿದ್ದರು. ಒಮ್ಮೆಯೂ ನನಗೆ ಬೈದವರಲ್ಲ.

ಅಜ್ಜಯ್ಯ ಹೋದರು, ದೊಡ್ಡಪ್ಪನೂ ಹೋದರು. ದೊಡ್ಡಮ್ಮ ಮಗಳ ಮನೆಗೆ ಕಾರ್ಕಳಕ್ಕೆ ಹೋಗಿ ನೆಮ್ಮದಿಯಿಂದಿದ್ದಾರೆ. ಲಿಂಗ ನನ್ನ ಪಾಲಿಗೆ ಬಂತು. ಬೈರಾಸು ಮಾತ್ರ ಅವರ ತಲೆಯಲ್ಲೇ ಉಳಿಯಿತು. ಬೇಡವೆಂದು ಹೇಳಬೇಕಾದವರು ಇಬ್ಬರೂ ಇರಲಿಲ್ಲ, ನಾನು ಹೇಳಬಹುದೆಂಬುದು ನನಗೆ ಹೊಳೆಯಲಿಲ್ಲ.

ಹೋದ ವರ್ಷ ಲಿಂಗ ಪೀಠದಿಂದ ಕಳಚಿ ಬಂತು. ಉಡುಪಿಯಲ್ಲಿ ಬೆಳ್ಳಿ ಕೆಲಸ ಮಾಡುವ ಒಬ್ಬ ಆಚಾರ್ರ ಬಳಿ ಒಯ್ದೆ. ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿ, "ಒಳಗೆ ಎಂತದೋ ಉಂಟಲ್ಲ ಮಾಸ್ಟ್ರೇ" ಎಂದರು. ಮನೆಯ ಗುಟ್ಟು ಪರರ ಕೈಗೆ ಸಿಕ್ಕಿದಂತಾಗಿ "ಏನೋ ಒಂದು ಕೂದಲು" ಎಂದು ಗೊಣಗಿದೆ. ಆಚಾರ್ರು ಲಿಂಗವನ್ನು ಕೆಳಗಿಟ್ಟರು. "ಬೆಸುಗೆಗೆ ಬೆಂಕಿ ಹಿಡಿಯಬೇಕು. ಒಳಗಿರುವುದು ಎಂತ ಎಂದು ಗೊತ್ತಾಗದೆ ನಾನು ಬೆಂಕಿ ಹಿಡಿಯುವುದಿಲ್ಲ. ಮಣಿಪಾಲದಲ್ಲಿ ಒಬ್ಬರು ಟೀಚರ್ ಇದ್ದಾರೆ, ಕಲ್ಲುಗಳ ಪಾಠ ಮಾಡುತ್ತಿದ್ದವರು. ಅವರಿಗೆ ಒಮ್ಮೆ ತೋರಿಸಿ ಬನ್ನಿ."

ಮಣಿಪಾಲದ ಆ ಟೀಚರ್ ನಿವೃತ್ತರು. ಮನೆಯ ಕಿಟಕಿಕಟ್ಟೆಯ ಮೇಲೆಲ್ಲ ಕಲ್ಲುಗಳು. ಉಪ್ಪಿನಕಾಯಿ ಭರಣಿ ಇಡುವ ಜಾಗದಲ್ಲೂ ಕಲ್ಲು. ಅವರು ಲಿಂಗವನ್ನು ಕೈಗೆ ತೆಗೆದುಕೊಳ್ಳುವ ಮೊದಲು ಕೈ ತೊಳೆದು ಬಂದರು. ಬೆಳಕಿಗೆ ಹಿಡಿದು ಒಂದು ಸಲ ತಿರುಗಿಸಿದರು, ಅಷ್ಟೇ.

"ಎಷ್ಟು ಚಂದ ಉಂಟು! ಇದು ರೂಟೈಲ್" ಎಂದರು.

"ಯಾರ ಕೂದಲು?" ಎಂದೆ ನಾನು. ಹೌದು, ಹಾಗೆಯೇ ಕೇಳಿದೆ.

"ಕೂದಲಲ್ಲ ಮಾಸ್ಟ್ರೇ, ಖನಿಜ. ಟೈಟಾನಿಯಂ ಮತ್ತು ಆಮ್ಲಜನಕ ಸೇರಿ ಆದದ್ದು. ನೋಡಿ, ಕೂದಲಾದರೆ ಎಲ್ಲಾದರೂ ಬಾಗಬೇಕು. ಇದು ಗೆರೆ ಎಳೆದ ಹಾಗೆ ನೇರ. ಇಲ್ಲಿ ಒಂದು ಎಳೆ ತುಂಡಾಗಿದೆ, ಬಾಗಿಲ್ಲ. ಭೂಮಿಯ ಒಳಗೆ ಮೊದಲು ಇದು ಸೂಜಿಯ ಹಾಗೆ ಬೆಳೆಯಿತು. ಆಮೇಲೆ ಬಂಡೆಯ ಬಿರುಕಿನಲ್ಲಿದ್ದ ಬಿಸಿನೀರಿನಿಂದ ಸ್ಫಟಿಕ ಇದರ ಸುತ್ತ ನಿಧಾನಕ್ಕೆ ಹರಳುಗಟ್ಟಿತು. ಇದು ಮೊದಲು, ಕಲ್ಲು ಆಮೇಲೆ."

"ಎಷ್ಟು ಕಾಲ ಆಯಿತು?"

"ಇದರದ್ದೇ ಲೆಕ್ಕ ಹೇಳಲಿಕ್ಕೆ ಆಗುವುದಿಲ್ಲ. ಆದರೆ ಕೋಟಿಗಟ್ಟಲೆ ವರ್ಷದ ಮಾತು. ಮನುಷ್ಯರೇ ಇರಲಿಲ್ಲ, ಕೂದಲು ಎಲ್ಲಿಂದ?"

ಅವರು ಮೇಜಿನ ಮೇಲಿದ್ದ ಮಸೂರವನ್ನು ಕೊಟ್ಟು ನೀವೇ ನೋಡಿ ಎಂದರು. ನೋಡಿದೆ. ಮೂರು ಎಳೆಗಳೂ ಕೆಂಪು ತಂತಿಯಂತೆ ಸೆಟೆದು ನಿಂತಿದ್ದವು. ಕೂದಲು ಕಂಡ ಯಾವ ಮನುಷ್ಯನೂ ಅದನ್ನು ಕೂದಲೆನ್ನುವಂತಿರಲಿಲ್ಲ. ಆಗ ನೆನಪಾಯಿತು: ಪಂಚಾಂಗ ಓದುವುದಕ್ಕೆ ಅಜ್ಜಯ್ಯನ ಬಳಿ ಒಂದು ಭೂತಗನ್ನಡಿ ಇತ್ತು. ದೇವರ ಕೋಣೆಯಲ್ಲೇ, ಲಿಂಗದಿಂದ ಒಂದು ಮೊಳ ದೂರದ ಗೂಡಿನಲ್ಲಿ. ದಿನಾ ಬೆಳಿಗ್ಗೆ ತಿಥಿ ನಕ್ಷತ್ರ ನೋಡಲು ತೆಗೆದು, ನೋಡಿ, ಮತ್ತೆ ಅಲ್ಲೇ ಇಡುತ್ತಿದ್ದರು. ಬದುಕಿದ್ದಷ್ಟು ಕಾಲವೂ! ಮಸೂರವನ್ನು ಮೇಜಿನ ಮೇಲಿಟ್ಟೆ, ಮತ್ತೆ ಎತ್ತಿಕೊಂಡೆ, ಮತ್ತೆ ಇಟ್ಟೆ. ಟೀಚರ್ ಗಾಬರಿಯಾಗಿ ನೀರು ತಂದುಕೊಟ್ಟರು.

ನನ್ನನ್ನು ಸಮಾಧಾನ ಮಾಡಲೆಂದೋ ಏನೋ ಅವರು ಪಾಠ ಮುಂದುವರಿಸಿದರು. ಒಂದು ಬಾಟಲಿಯಿಂದ ಕಾಗದದ ಮೇಲೆ ಹೊಯ್ಗೆ, ಎಂದರೆ ಮರಳು, ಸುರಿದರು. ಕಾಪುವಿನ ದೀಪಸ್ತಂಭದ ಬುಡದಿಂದ ತಂದದ್ದಂತೆ. ಮಳೆಗಾಲ ಕಳೆದ ಮೇಲೆ ಅಲ್ಲಿ ಕಡಲು ಕಪ್ಪು ಪಟ್ಟಿಯೊಂದನ್ನು ಬಿಟ್ಟು ಹೋಗುತ್ತದಲ್ಲ, ಅದೇ. ಹಗುರ ಹೊಯ್ಗೆಯನ್ನು ತೆರೆ ಒಯ್ಯುತ್ತದೆ, ಭಾರದ ಕಣಗಳು ಹಿಂದೆ ಉಳಿಯುತ್ತವೆ. ಕಾಗದದ ಅಡಿಯಲ್ಲಿ ಅವರು ಬಲವಾದ ಅಯಸ್ಕಾಂತ ಸರಿಸಿದಾಗ ಕಪ್ಪು ಕಣಗಳು ಗುಂಪಾಗಿ ಹಿಂಬಾಲಿಸಿದವು. ಬಾರದೆ ಉಳಿದದ್ದರಲ್ಲಿ ಕೆಲವು ಕಡುಕೆಂಪು ಕಣಗಳನ್ನು ಸೂಜಿಯಿಂದ ಬೇರೆ ಮಾಡಿ, "ಇದೂ ಅದೇ ರೂಟೈಲ್. ಬೆಳಕನ್ನು ವಜ್ರಕ್ಕಿಂತ ಹೆಚ್ಚು ಬಾಗಿಸುತ್ತದೆ, ಅದಕ್ಕೇ ಈ ಹೊಳಪು" ಎಂದರು. "ಶುದ್ಧ ಮಾಡಿ ನುಣ್ಣಗೆ ಪುಡಿ ಮಾಡಿದರೆ ಬೆಳ್ಳಗಾಗುತ್ತದೆ. ನೀವು ಹಲ್ಲುಜ್ಜುವ ಪೇಸ್ಟಿನಲ್ಲಿ ಇರಬಹುದು, ಮಾತ್ರೆಯ ಮೇಲಿನ ಲೇಪದಲ್ಲಿ ಇರಬಹುದು. ಮನೆಗೆ ಹೊಡೆಯುವ ಬಿಳಿ ಪೇಂಟಿನಲ್ಲಂತೂ ಇದ್ದೇ ಇರುತ್ತದೆ."

ದೇವರ ಕೋಣೆಗೆ ದೊಡ್ಡಪ್ಪನ ಕಾಲದಲ್ಲೇ ಬಿಳಿ ಪೇಂಟು ಹೊಡೆಸಿದ್ದೆವು. ಹುಡುಗರಾಗಿದ್ದಾಗ ಕಾಪುವಿನ ಕಡಲತಡಿಯ ಕಪ್ಪು ಹೊಯ್ಗೆಯನ್ನು ಚಡ್ಡಿಯ ಮಡಿಕೆಯಲ್ಲಿ ತುಂಬಿಕೊಂಡು ನಾವು ದೇವರ ಕೋಣೆಯವರೆಗೂ ಓಡಾಡಿದ್ದೆವು. ಗೋಡೆಯಲ್ಲಿ ಅದೇ, ನೆಲದಲ್ಲಿ ಅದೇ, ದೇವರ ಹೊಟ್ಟೆಯಲ್ಲಿ ಅದೇ. ಹೊರಗೆ ಇದ್ದವರು ದೊಡ್ಡಮ್ಮ ಒಬ್ಬರೇ.

ಎದ್ದು ಹೊರಟೆ. ಬೆಂಕಿ ಹಿಡಿದರೆ ಎಳೆಗಳಿಗೆ ಏನೂ ಆಗುವುದಿಲ್ಲ, ಕಲ್ಲು ಸೀಳಬಹುದು, ಹಾಗಾಗಿ ಬೆಂಕಿಯಿಲ್ಲದೆ ಕೂರಿಸಲು ಹೇಳಿ ಎಂದು ಟೀಚರ್ ಬಾಗಿಲವರೆಗೆ ಬಂದು ಹೇಳಿದರು. ನನಗೆ ಅದರ ಗೊಡವೆಯೇ ಇರಲಿಲ್ಲ. ಲಿಂಗವನ್ನು ಎದೆಯ ಹತ್ತಿರ ಹಿಡಿದುಕೊಂಡು ಕಾರ್ಕಳದ ಬಸ್ಸು ಹತ್ತಿದೆ. ಕೊಡೆಯನ್ನು ಅವರ ಮನೆಯಲ್ಲೇ ಬಿಟ್ಟು ಬಂದಿದ್ದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಭಾಷಣ ತಯಾರಿಸಿದೆ. ಇಡೀ ಮನೆತನದ ಪರವಾಗಿ ಕ್ಷಮೆ ಕೇಳುವುದು, ಬೈರಾಸು ಬಿಚ್ಚಿಸುವುದು, ದೇವರ ಕೋಣೆಯೊಳಗೆ ಕರೆದೊಯ್ದು ಲಿಂಗಕ್ಕೆ ಅವರ ಕೈಯಿಂದಲೇ ನೀರು ಹಾಕಿಸುವುದು. ಅವರು ಆನಂದದಿಂದ ಅಳುತ್ತಾರೆ ಎಂಬಲ್ಲಿಗೆ ನನ್ನ ಕಣ್ಣಲ್ಲೇ ನೀರು ಬಂತು. ಮೇಷ್ಟ್ರುಗಳ ಹಣೆಬರಹವೇ ಹಾಗೆ, ತಮ್ಮ ಭಾಷಣಕ್ಕೆ ತಾವೇ ಮೊದಲು ಕರಗುತ್ತಾರೆ.

ದೊಡ್ಡಮ್ಮ ಮಗಳ ಮನೆಯ ಜಗಲಿಯಲ್ಲಿ ಬಸಳೆ ಸೋಸುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಅದೇ ಬೈರಾಸು. ಮಗಳು ಒಳಗೆ ಚಹಾ ಇಟ್ಟಳು. ನಾನು ಕುಳಿತುಕೊಳ್ಳುವ ಮೊದಲೇ ಎಲ್ಲ ಹೇಳಿಬಿಟ್ಟೆ. ರೂಟೈಲ್, ಕೋಟಿ ವರ್ಷ, ಬಿಸಿನೀರು, ಭೂತಗನ್ನಡಿ, ಎಲ್ಲ. "ಅದು ನಿಮ್ಮ ಕೂದಲಲ್ಲ ದೊಡ್ಡಮ್ಮ. ಯಾವತ್ತೂ ಆಗಿರಲಿಲ್ಲ. ನಿಮ್ಮದು ಎಂತ ತಪ್ಪೂ ಇರಲಿಲ್ಲ."

ಅವರ ಕೈಯಿಂದ ಬಸಳೆಯ ದಂಟು ಜಾರಿತು.

"ನನ್ನದಲ್ಲವಾ?" ಎಂದರು.

"ಅಲ್ಲ."

"ಮೂರರಲ್ಲಿ ಒಂದೂ ನನ್ನದಲ್ಲವಾ?"

ಆ ಪ್ರಶ್ನೆಯಲ್ಲಿ ಏನೋ ಇತ್ತು, ನನ್ನ ಉತ್ಸಾಹ ಅಲ್ಲೇ ತಣ್ಣಗಾಯಿತು. ಸಾವಿನ ಸುದ್ದಿ ತಂದವನನ್ನು ನೋಡುವಂತೆ ನನ್ನನ್ನು ನೋಡಿದರು.

"ನಿನ್ನ ಅಜ್ಜಯ್ಯ ಹೊರಗೆ ಕೂರಿಸಿದರು, ಕೂತೆ" ಎಂದರು, ಜಾರಿದ ದಂಟನ್ನು ಹೆಕ್ಕುತ್ತ. "ಮೊದಮೊದಲು ದಿನಾ ಅಳುತ್ತಿದ್ದೆ. ಆಮೇಲೆ ಒಂದು ದಿನ ಅವರು ಒಳಗೆ ರುದ್ರ ಹೇಳಿ ನೀರು ಹೊಯ್ಯುವಾಗ ನನಗೆ ಗೊತ್ತಾಯಿತು. ಅವರು ಯಾರ ತಲೆಗೆ ಹೊಯ್ಯುತ್ತಿರುವುದು ಮಾರಾಯ? ಅಲ್ಲಿ ಒಳಗೆ ಇದ್ದದ್ದು ನನ್ನದಲ್ವಾ? ನನ್ನನ್ನು ಹೊಸ್ತಿಲು ದಾಟಲಿಕ್ಕೆ ಅವರು ಬಿಡಲಿಲ್ಲ. ದೇವರು ಕಲ್ಲಿನ ಒಳಗೇ ಕರೆದುಕೊಂಡಿದ್ದಾರೆ. ಅವರಿಗೆಲ್ಲ ಹೊರಗಿನಿಂದ ಮುಟ್ಟಲಿಕ್ಕೆ ಮಾತ್ರ. ಹಾಲು ಹೊಯ್ದರೆ ಹಾಲು, ಎಳನೀರು ಹೊಯ್ದರೆ ಎಳನೀರು, ನನಗೆ ಇಲ್ಲಿ ನೆತ್ತಿ ತಂಪಾಗುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಅದನ್ನೂ ತೆಗೆಯುತ್ತಾರೆ ಅಂತ ಹೆದರಿಕೆ."

ಬಸಳೆಯನ್ನು ಬದಿಗೆ ಸರಿಸಿ, "ಕೊನೆಗೆ ನೀನು ತೆಗೆದೆಯಲ್ಲ" ಎಂದರು.

ಬೆಲ್ಲದಾಸೆಗೆ ಸುಳ್ಳು ಕೂಗಿದ್ದಕ್ಕೂ ಬೈಯದಿದ್ದವರು ಸತ್ಯ ಹೇಳಿದ್ದಕ್ಕೆ ಅಷ್ಟು ಹೇಳಿದರು. ಮಣಿಪಾಲದಲ್ಲಿ ಆದ ಆಘಾತ ಇದರ ಮುಂದೆ ಏನೂ ಅಲ್ಲ. ಸುಮಾರು ಅರವತ್ತು ವರ್ಷ ಅವರನ್ನು ಶಿಕ್ಷೆಯಲ್ಲಿಟ್ಟೆವೆಂದು ನಾನು ತಿಳಿದಿದ್ದೆ. ಆ ಶಿಕ್ಷೆಯೊಳಗೇ ಅವರು ಒಬ್ಬರೇ ಕಟ್ಟಿಕೊಂಡಿದ್ದ ಜಾಗವೊಂದಿತ್ತು, ಅದಕ್ಕೆ ನಾನು ಬಸ್ಸು ಹತ್ತಿ ಬಂದು ಬೀಗ ಹಾಕಿದ್ದೆ. ಮಗಳು ತಂದಿಟ್ಟ ಚಹಾ ಆರಿತು. ತಪ್ಪಾಯಿತು ಎನ್ನಲು ಬಾಯಿ ತೆರೆದೆ, ಯಾವ ತಪ್ಪಿಗೆ ಎಂದು ತಿಳಿಯದೆ ಮುಚ್ಚಿದೆ.

ಕೊನೆಗೆ ಅವರೇ "ಕೊಡು ಇಲ್ಲಿ" ಎಂದು ಕೈಚಾಚಿದರು. ಅಂಟುವಾಳದ ನೊರೆಯ ಆ ದಿನದ ಮೇಲೆ ಅವರು ಲಿಂಗವನ್ನು ಮುಟ್ಟಿದ್ದು ಅಂದೇ. ಅಂಗಳದ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಕೈಯಿಂದ ಹಿಂದಿನ ಗಂಟು ಬಿಚ್ಚಿದರು. ಬೈರಾಸು ಹೆಗಲಿಗೆ ಇಳಿಯಿತು. ಕಾವಲುಗಾರನಾಗಿದ್ದ ನಾನು ಮೊದಲ ಬಾರಿಗೆ ದೊಡ್ಡಮ್ಮನ ಕೂದಲನ್ನು ಪೂರ್ತಿಯಾಗಿ ನೋಡಿದೆ. ಅಷ್ಟೂ ಬಿಳಿ. ತೆಳ್ಳಗಿನ ಒಂದು ಜಡೆ, ತುದಿಯಲ್ಲಿ ಬಾಳೆನಾರಿನ ಕಟ್ಟು.

"ನನ್ನದು ಹೀಗೇ ಇತ್ತು, ಇದೇ ಬಣ್ಣ" ಎಂದರು ಕಲ್ಲನ್ನು ನೋಡುತ್ತಲೇ. "ಆ ಟೀಚರ್ ಎಂತ ಹೇಳಿದರು, ಬಿಸಿನೀರಿನಲ್ಲಿ ಬೆಳೆದದ್ದಾ?"

"ಹೌದು ದೊಡ್ಡಮ್ಮ."

ಅವರು ಲಿಂಗವನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು. "ಹಾಗಾದರೆ ಇನ್ನು ತಣ್ಣೀರು ಬೇಡ, ಸ್ವಲ್ಪ ಬಿಸಿ ಮಾಡಿ ಹೊಯ್ಯಿ. ನನಗೆ ಈಗ ತಲೆಗೆ ಶೀತ ತಡೆಯುವುದಿಲ್ಲ."

ನಾನು ಆಯಿತು ಎಂದೆ.

ಉಪನಯನದ ಪಂಕ್ತಿಯಲ್ಲಿ ಆ ಹೆಂಗಸು ಸೆರಗು ಎಳೆದುಕೊಂಡು ನಿಂತ ಅರೆ ನಿಮಿಷದಲ್ಲಿ ಇಷ್ಟೂ ನನ್ನ ಕಣ್ಣ ಮುಂದೆ ಹಾದುಹೋಯಿತು. ಯಜಮಾನ ಇನ್ನೂ ಕೂಗುತ್ತಲೇ ಇದ್ದ. ಯಾರ ಕೂದಲೋ ಅದು, ಪರೀಕ್ಷಿಸಿ ನಿರ್ಣಯ ಮಾಡುವ ಹುಮ್ಮಸ್ಸು ನನಗೆ ಉಳಿದಿರಲಿಲ್ಲ. ಕೈಚಾಚಿ ಆ ಎಳೆಯನ್ನು ಎತ್ತಿಕೊಂಡೆ.

"ಇದು ನನ್ನದು" ಎಂದೆ.

ಎಲ್ಲರ ಕಣ್ಣೂ ನನ್ನ ತಲೆಯ ಕಡೆ ತಿರುಗಿತು. ನಿಮಗೆ ಹೇಳಲು ಮರೆತೆ, ನನ್ನ ತಲೆ ಇಪ್ಪತ್ತು ವರ್ಷದಿಂದ ಪೂರ್ತಿ ಬೋಳು. ಫ್ಯಾನಿನ ಕೆಳಗೆ ಅದು ಚೆನ್ನಾಗಿ ಹೊಳೆಯುತ್ತಲೂ ಇದ್ದಿರಬೇಕು.

"ನಿಮ್ಮದಾ? ನಿಮ್ಮ ತಲೆಯಲ್ಲಿ ಎಂತ ಉಂಟು ಮಾರಾಯ್ರೇ!" ಎಂದರು ದಪ್ಪ ಗೃಹಸ್ಥರು.

"ಇದ್ದದ್ದು ಇದೊಂದೇ. ಈಗ ಇದೂ ಬಿತ್ತು" ಎಂದೆ.

ಮೊದಲು ಎದುರಿನ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಇಡೀ ಪಂಕ್ತಿ. ಯಜಮಾನನೂ ನಗಲೇಬೇಕಾಯಿತು. ಗೃಹಸ್ಥರಿಗೆ ಬೇರೆ ಎಲೆ ಬಂತು. ಆ ಹೆಂಗಸು ಪಾತ್ರೆ ಎತ್ತಿಕೊಂಡು ಮುಂದೆ ಹೋದಳು. ಎರಡನೆಯ ಸುತ್ತಿಗೆ ಪಾಯಸ ತಂದಾಗ ಅವಳ ಸೆರಗು ಹೆಗಲ ಮೇಲೇ ಇತ್ತು. ನನ್ನ ಎಲೆಗೆ ಎರಡು ಸೌಟು ಹೆಚ್ಚು ಬಿತ್ತು.

ಇವತ್ತು ಬೆಳಿಗ್ಗೆ, ಆಚಾರ್ರು ಬೆಂಕಿಯಿಲ್ಲದೆ ಪೀಠಕ್ಕೆ ಕೂರಿಸಿಕೊಟ್ಟ ಲಿಂಗಕ್ಕೆಂದು, ಎಂದಿನಂತೆ ಸಣ್ಣ ತಂಬಿಗೆಯಲ್ಲಿ ನೀರು ಬಿಸಿಗಿಟ್ಟೆ. ಬೆರಳು ಅದ್ದಿ ನೋಡಿದರೆ ತುಸು ಹೆಚ್ಚೇ ಬಿಸಿಯಾಗಿತ್ತು. ಎಂಬತ್ತರ ಹತ್ತಿರದವರ ನೆತ್ತಿಗೆ ಹಿತವಾಗುವಷ್ಟು ಆರಲೆಂದು, ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟು ಕಾಯುತ್ತ ಕುಳಿತೆ.